ಚಂದ್ರು ಓಡಿಸಿದ ಬೈಕು

ಬಹಳ ಹೊತ್ತು ಹಾಕಿಟ್ಟ ಡಬ್ಬಾ ಟಿ.ವಿ.ಯ ಬೆನ್ನಿಂದ ಒಂದು ವಾಸನೆ ಬರುತ್ತಿತ್ತು. ಕಾದ ಧೂಳಿನದು, ಬಿಸಿಯಾದ ಪ್ಲಾಸ್ಟಿಕ್ಕಿನದು, ಜೊತೆಗೆ ಎಲ್ಲಿಂದಲೋ ಬಂದು ಸೇರಿಕೊಂಡ ಸುಟ್ಟ ಕೂದಲಿನಂಥದು. ಅಂಥ ಟಿ.ವಿ. ಇದ್ದ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊನ್ನೆ ಕೋಲಾರದಲ್ಲಿ ಮಿಕ್ಸಿ ರಿಪೇರಿಗೆಂದು ಒಂದು ಅಂಗಡಿಯ ಮುಂದೆ ನಿಂತಿದ್ದೆ. ಒಳಗೆ ಯಾರೋ ಹಳೆಯ ಟಿ.ವಿ.ಯೊಂದರ ಹಿಂಬದಿ ಬಿಚ್ಚಿ, ಅದನ್ನು ಹಾಕಿ ನೋಡುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲಿರಲಿಲ್ಲ. ಮುಳಬಾಗಿಲಿನ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ, ಕಿಟಕಿಗೆ ಜಮಖಾನ ಕಟ್ಟಿದ ಹಗಲುಗತ್ತಲಲ್ಲಿ, ತಮ್ಮ ಚಂದ್ರುವಿನ ಪಕ್ಕ ಉಸಿರು ಬಿಗಿಹಿಡಿದು ಕೂತಿದ್ದೆ.

ಆ ಮನೆ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಮುಂದಿನ ಅರ್ಧ ಹೋಯಿತು, ಉಳಿದರ್ಧವನ್ನು ಮಾಲೀಕರೇ ಕೆಡವಿ ಅಂಗಡಿ ಕಟ್ಟಿದರು. ಒಂದರ ಹಿಂದೆ ಒಂದು ರೈಲಿನ ಡಬ್ಬಿಗಳಂತೆ ಸೇರಿಕೊಂಡ ಮೂರು ಕೋಣೆ, ಬೇಸಿಗೆಯಲ್ಲೂ ಪಾದಕ್ಕೆ ತಣ್ಣಗೆ ತಾಕುವ ಕಡಪಾ ಕಲ್ಲಿನ ನೆಲ, ಹಿತ್ತಲಲ್ಲಿ ಒಂದು ನುಗ್ಗೆ ಮರ. ಅಪ್ಪ ಎಣ್ಣೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಅಮ್ಮ ನಡುಮನೆಯ ಬಾಗಿಲ ಬಳಿ, ಬೆಳಕು ಬೀಳುವ ಕಡೆ, ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಅಪ್ಪನ ತಾಯಿ, ನಮ್ಮಜ್ಜಿ, ತಾಯಲೂರಿನಿಂದ ಬಂದು ನಮ್ಮ ಜೊತೆಗಿದ್ದಳು. ಅವಳಿಗೆ ಸಿಟ್ಟು ಬಂದರೂ ತೆಲುಗು, ಮುದ್ದು ಬಂದರೂ ತೆಲುಗು, ಮಿಕ್ಕ ಹೊತ್ತಿನಲ್ಲಿ ಮಾತ್ರ ಕನ್ನಡ. ಚಂದ್ರು ನನಗಿಂತ ಚಿಕ್ಕವನು. ಅವನು ಶಾಲೆಗೆ ನಡೆದು ಹೋಗುತ್ತಿದ್ದದ್ದು, ಆಮೇಲೆ ಗೋಡೆ ಹಿಡಿದು ನಡೆದದ್ದು, ಆಮೇಲೆ ಅಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ಹೋದದ್ದು, ಆಮೇಲೆ ಹೋಗುವುದನ್ನೇ ಬಿಟ್ಟದ್ದು, ಇವೆಲ್ಲ ನನ್ನ ಕಣ್ಣೆದುರು ಒಂದರ ಹಿಂದೊಂದು ನಡೆದವು. ಸ್ನಾಯುಗಳು ಸೊರಗುತ್ತಾ ಹೋಗುವ ಕಾಯಿಲೆ. ಬೆಂಗಳೂರಿನ ಡಾಕ್ಟರು ಅವನನ್ನು ಹೊರಗೆ ಕೂರಿಸಿ ಅಪ್ಪ ಅಮ್ಮನಿಗೆ ಹೇಳಿದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿದ್ದೆ. ಕಾಲಾದ ಮೇಲೆ ಕೈ. ಕೈ ಆದ ಮೇಲೆ ಎದೆ. ವಾಪಸ್ಸು ಬರುವ ಬಸ್ಸಿನಲ್ಲಿ ಅಮ್ಮ ಅವನ ಬೆರಳುಗಳನ್ನು ಒಂದೊಂದಾಗಿ ನೀವುತ್ತಾ ಕೂತಿದ್ದಳು. ಅವನು ಕಿಟಕಿಯಿಂದ, ನಮ್ಮನ್ನು ಹಿಂದೆ ಹಾಕಿ ಹೋಗುವ ಬೈಕುಗಳನ್ನು ನೋಡುತ್ತಿದ್ದ.

ಮಾಲೂರಿನಲ್ಲಿ ಮೊಬೈಲ್ ರಿಪೇರಿ ಮಾಡುತ್ತಿದ್ದ ನಮ್ಮ ಸೋಮು ಮಾವ ಯಾರಿಂದಲೋ ಸೆಕೆಂಡ್ ಹ್ಯಾಂಡ್ ವೀಡಿಯೊ ಗೇಮ್ ತಂದುಕೊಟ್ಟಾಗ ಆ ಮನೆಗೆ ಒಂದು ಹೊಸ ಉಸಿರು ಬಂತು. ಕಪ್ಪು ಪೆಟ್ಟಿಗೆ, ಅದರ ಹಿಂದಿನಿಂದ ಟಿ.ವಿ.ಗೆ ಹಳದಿ ಬಿಳಿ ಕೆಂಪು ತಂತಿ, ಮುಂದೆ ಎರಡು ಕೈಯಲ್ಲಿ ಹಿಡಿಯುವ ರಿಮೋಟು. ಜೊತೆಗೆ ಇದ್ದದ್ದು ಒಂದೇ ಡಿಸ್ಕು, ಬೆಟ್ಟದ ದಾರಿಯಲ್ಲಿ ಬೈಕು ಓಡಿಸುವ ಆಟ. ಒಂದು ಕಡೆ ಬಂಡೆ, ಒಂದು ಕಡೆ ಪ್ರಪಾತ, ನಡುವೆ ಹಾವಿನಂತೆ ಸುತ್ತುವ ರಸ್ತೆ. ಚಂದ್ರು ಅದನ್ನು ಓಡಿಸುತ್ತಿದ್ದದ್ದನ್ನು ನೀವು ನೋಡಬೇಕಿತ್ತು. ದೇಹವೆಲ್ಲ ಕುರ್ಚಿಯಲ್ಲಿ ಕುಸಿದಿರುತ್ತಿತ್ತು, ಎರಡು ಹೆಬ್ಬೆರಳು ಮಾತ್ರ ಅಕ್ಕಿಯಲ್ಲಿ ಕಲ್ಲು ಆರಿಸುವ ಹೆಂಗಸಿನ ಬೆರಳಿನ ಹಾಗೆ ಸದ್ದಿಲ್ಲದೆ ಓಡಾಡುತ್ತಿದ್ದವು. ಬೈಕು ಪ್ರಪಾತದ ಅಂಚಿಗೆ ಸವರಿಕೊಂಡು ಹೋದಾಗಲೆಲ್ಲ ಅಜ್ಜಿ ಮೊಣಕಾಲು ಹಿಡಿದುಕೊಂಡು ಕೂಗುತ್ತಿದ್ದಳು: "ಮೆಲ್ಲಗಾ ಪೋರಾ ನಾಯ್ನಾ, ಬಿದ್ಬಿಡ್ತೀಯ!"

"ಬಿದ್ರೆ ಮತ್ತೆ ಎದ್ದೇಳ್ತೀನಿ ಕಣಜ್ಜಿ. ಇಲ್ಲಿ ಏಳಬಹುದು," ಅನ್ನುತ್ತಿದ್ದ.

ಅಪ್ಪನ ಅಂಗಡಿಯಲ್ಲಿ ಹೊಸ ಕಂಪ್ಯೂಟರು ಬಂದಾಗ ಹಳೆಯದು ನಮ್ಮ ಮನೆಗೆ ಬಂತು. ಅದರಲ್ಲಿ ಚಂದ್ರು ಈ ಆಟವಾಡುವವರದೇ ಒಂದು ತಾಣ ಹುಡುಕಿಕೊಂಡ. ಯಾವ್ಯಾವುದೋ ದೇಶದವರು ಯಾವ ದಾರಿಯನ್ನು ಎಷ್ಟು ಬೇಗ ಮುಗಿಸಿದೆವೆಂದು ಅಲ್ಲಿ ಬರೆದುಕೊಳ್ಳುತ್ತಿದ್ದರು. ಕಡೆಯ ಬೆಟ್ಟದ ದಾರಿಯಲ್ಲಿ ಅವನು ಅವರೆಲ್ಲರಿಗಿಂತ ಬೇಗ ಮುಗಿಸಿದ್ದ. ತಾನೂ ಬರೆದ. ಮಾರನೆಯ ದಿನ ಉತ್ತರಗಳು ಬಂದಿದ್ದವು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ, ಆದರೂ ಅರ್ಥವಾಯಿತು. ಸುಳ್ಳು ಅಂದಿದ್ದರು. ಅಪ್ಪನ ಫೋನಿನಲ್ಲಿ ಟಿ.ವಿ.ಯ ಫೋಟೊ ತೆಗೆದು ಕಳಿಸಿದೆವು. ಫೋಟೊ ಯಾರು ಬೇಕಾದರೂ ತಿದ್ದಬಹುದು, ಆಡಿದ್ದರೆ ಪೂರ್ತಿ ವೀಡಿಯೊ ಹಾಕು ಅಂದರು. ಒಬ್ಬನಂತೂ ನಗುವ ಮುಖಗಳನ್ನು ಸಾಲಾಗಿ ಹಾಕಿದ್ದ. ಚಂದ್ರು ಆ ನಗುವ ಮುಖಗಳನ್ನು ಬಹಳ ಹೊತ್ತು ನೋಡಿದ. ಬೀದಿಯ ಹುಡುಗರು, ನೆಂಟರು, ಬಸ್ಸಿನ ಜನ ಯಾರು ಏನಂದರೂ ಅಳದವನು ಅವತ್ತು ಅತ್ತ.

"ಅಕ್ಕಾ, ಬೇಗ ವೀಡಿಯೊ ಮಾಡ್ಬೇಕು ಕಣೇ. ಬಲಗೈ ಹೆಬ್ಬೆಟ್ಟು ಈಗೀಗ ಮಾತು ಕೇಳ್ತಿಲ್ಲ."

ಅಂದಿನಿಂದ ಆ ಮನೆಗೆ ಬೇರೆ ಕೆಲಸವೇ ಇಲ್ಲವೆಂಬಂತಾಯಿತು. ಮೊದಲು ಸ್ಟೀಲ್ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ಅಪ್ಪನ ಫೋನನ್ನು ಅಕ್ಕಿ ಚೀಲಕ್ಕೆ ಒರಗಿಸಿ ಹಿಡಿದೆವು. ಟಿ.ವಿ.ಯ ಮೇಲೆ ಕಪ್ಪು ಪಟ್ಟೆಗಳು ಕೆಳಗಿನಿಂದ ಮೇಲಕ್ಕೆ ಉರುಳುತ್ತಾ ಹೋಗುವ ವೀಡಿಯೊ ಬಂತು. ರಸ್ತೆಯೂ ಕಾಣದು, ಓಟದ ಹೊತ್ತು ತೋರಿಸುವ ಗಡಿಯಾರವೂ ಕಾಣದು, ಗಾಜಿನಲ್ಲಿ ನಮ್ಮ ಕಿಟಕಿಯೇ ಹೊಳೆಯುತ್ತಿತ್ತು. ಜಮಖಾನ ಕಟ್ಟಿದ್ದು ಆಗಲೇ. ಕಿಟಕಿ ಹೋಯಿತು, ಪಟ್ಟೆ ಹೋಗಲಿಲ್ಲ. ಗೇಮಿನಿಂದ ನೇರವಾಗಿ ಕಂಪ್ಯೂಟರಿಗೆ ತುಂಬಿಕೊಳ್ಳುವ ಸಾಧನಗಳಿವೆ ಎಂದು ತಿಳಿಯಿತು, ಅವು ನಮ್ಮ ಕೈಗೆಟುಕುವಂಥವಲ್ಲ ಎಂದೂ ತಿಳಿಯಿತು. ಆಗ ಅಮ್ಮನಿಗೆ ನೆನಪಾದವರು ಬಾಷಾ ಅಣ್ಣ. ಮದುವೆಗಳ ವೀಡಿಯೊ ತೆಗೆಯುತ್ತಿದ್ದರು. ಅವರ ಮನೆಯವರ ರವಿಕೆಗಳೆಲ್ಲ ಅಮ್ಮನ ಹತ್ತಿರವೇ ಹೊಲಿಗೆಗೆ ಬರುತ್ತಿದ್ದವು. ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಲು ಅವರು ಬೆಂಗಳೂರಿನಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಸಾಧನ ತಂದಿಟ್ಟುಕೊಂಡಿದ್ದರು. ನಮ್ಮದೂ ಅದೇ ಮೂರು ಬಣ್ಣದ ತಂತಿ, ಅದರದೂ ಅದೇ. ಅಮ್ಮ ಕೇಳಿದ ಮಾರನೆಯ ದಿನವೇ ಅವರು ಸಾಧನವನ್ನೂ, ಬೇಕಾದೀತೆಂದು ಒಂದು ಹಳೆಯ ವಿ.ಸಿ.ಆರ್. ಅನ್ನೂ ಸ್ಕೂಟರಿನ ಮುಂದಿಟ್ಟುಕೊಂಡು ಬಂದರು.

"ಆಷಾಢದಲ್ಲಿ ಮದ್ವೆ ಇಲ್ವಲ್ಲಮ್ಮ, ಇಟ್ಕೊಳ್ಳಿ. ಫಿಕರ್ ಮಾಡ್ಬೇಡಿ. ಶ್ರಾವಣಕ್ಕೆ ಮಾತ್ರ ನಂಗೆ ಬೇಕೇ ಬೇಕು," ಅಂದರು.

ಒಂದು ಆಷಾಢ. ಅಷ್ಟರೊಳಗೆ ಮುಗಿಸಬೇಕಿತ್ತು. ಕಂಪ್ಯೂಟರಿಗೆ ತಂತಿ ಸಿಕ್ಕಿಸಿದರೆ ಟಿ.ವಿ.ಗೆ ಏನೂ ಬರುತ್ತಿರಲಿಲ್ಲ. ಕಂಪ್ಯೂಟರನ್ನೇ ನೋಡಿಕೊಂಡು ಆಡೋಣವೆಂದರೆ, ಗುಂಡಿ ಒತ್ತಿದ ಮೇಲೆ ಉಸಿರೆಳೆಯುವಷ್ಟು ತಡವಾಗಿ ಬೈಕು ತಿರುಗುತ್ತಿತ್ತು. ಅಷ್ಟರಲ್ಲಿ ಅದು ಪ್ರಪಾತದಲ್ಲಿರುತ್ತಿತ್ತು. ತಂತಿಯನ್ನು ಕತ್ತರಿಸಿ ಕವಲು ಮಾಡಿದೆ. ಎರಡೂ ಕಡೆ ಚಿತ್ರ ಮಂಕಾಗಿ, ಗಡಿಯಾರದ ಅಂಕಿ ಓದಲಾಗದಂತಾಯಿತು. ದಿನಗಳು ಹೋಗುತ್ತಿದ್ದವು. ಅಜ್ಜಿ ಬೆಳಗ್ಗೆ ಸಂಜೆ ಅವನ ಕೈಗೆ ಬಿಸಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು, ಅವನು ತುಟಿ ಕಚ್ಚಿಕೊಂಡು ವಿ.ಸಿ.ಆರ್.ನ ಹಿಂಬದಿಯನ್ನೇ ನೋಡುತ್ತಿರುತ್ತಿದ್ದ. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕೂಗಿದ: "ಅಕ್ಕಾ, ಅದಕ್ಕೆ ಹೊರಗ್ ಹೋಗೋ ದಾರಿ ಎರಡಿದೆ ನೋಡೇ! ಮೂರು ಬಣ್ಣದ್ದು ಒಂದು, ಆಂಟೆನಾದು ಒಂದು!" ಹೌದು. ಗೇಮಿನಿಂದ ವಿ.ಸಿ.ಆರ್.ಗೆ ಕೊಟ್ಟೆವು. ಅಲ್ಲಿಂದ ಬಣ್ಣದ ತಂತಿ ಕಂಪ್ಯೂಟರಿಗೆ, ಆಂಟೆನಾ ತಂತಿ ಟಿ.ವಿ.ಗೆ. ಎರಡರಲ್ಲೂ ಒಟ್ಟಿಗೆ ಬೆಟ್ಟದ ದಾರಿ ಮೂಡಿದಾಗ ಅಮ್ಮ ಮಿಷನ್ ನಿಲ್ಲಿಸಿ ಎದ್ದು ಬಂದಳು. ಅಜ್ಜಿ ಎರಡು ಬೈಕನ್ನೂ ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡಳು. ನಾನು ನಗುತ್ತಾ ತಿರುಗಿದೆ. ಚಂದ್ರು ನಗುತ್ತಿರಲಿಲ್ಲ. ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು, ಬಲಗೈ ಹೆಬ್ಬೆರಳನ್ನು ಗುಂಡಿಯ ಮೇಲೆ ಒತ್ತಿ ಒತ್ತಿ ನೋಡುತ್ತಿದ್ದ. ಗುಂಡಿ ಅರ್ಧಕ್ಕೆ ಹೋಗಿ ಮೇಲೆ ಬರುತ್ತಿತ್ತು.

ಬೈಕು ಓಡಬೇಕಾದರೆ ಆ ಗುಂಡಿಯನ್ನು ದಾರಿಯುದ್ದಕ್ಕೂ ಒತ್ತಿ ಹಿಡಿದಿರಬೇಕಿತ್ತು. ನಾನು ಅವನ ಪಕ್ಕ ಕೂತು ನನ್ನ ಬೆರಳಿಟ್ಟೆ. "ಇದನ್ನ ನಾನ್ ಒತ್ತಿರ್ತೀನಿ, ನೀನು ತಿರುಗ್ಸು," ಅಂದೆ. ಅವನು ಕೈ ಸರಿಸಿದ. "ಬೇಡ. ಹಂಗ್ ಮಾಡಿದ್ರೆ ಅದು ನಂದಾಗಲ್ಲ." ಬೇಡಿಕೊಂಡೆ, ಬೈದೆ, ಯಾರಿಗೆ ಗೊತ್ತಾಗುತ್ತೆ ಅಂದೆ. "ನಂಗ್ ಗೊತ್ತಾಗುತ್ತಲ್ಲ," ಅಂದ. ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಅಮ್ಮ ಎದ್ದು ಬಂದಳು. ಲಂಗಕ್ಕೆ ಹಾಕುವ ಎಲಾಸ್ಟಿಕ್ಕಿನ ತುಂಡೊಂದನ್ನು ರಿಮೋಟಿಗೆ ಸುತ್ತಿ, ಗುಂಡಿಯ ಮೇಲೆ ಒಂದು ಹುಣಸೆ ಬೀಜವಿಟ್ಟು, ಬಿಗಿಯಾಗಿ ಹೊಲಿದುಬಿಟ್ಟಳು. ಬೈಕು ತಾನಾಗಿಯೇ ಓಡತೊಡಗಿತು. ಇನ್ನು ಅದನ್ನು ತಡೆಯುವುದು, ತಿರುಗಿಸುವುದು ಅವನ ಪಾಲಿಗೆ. ಅವನು ಒಂದೆರಡು ತಿರುವು ತಿರುಗಿಸಿ ನೋಡಿ, "ಇದು ಆಗಬಹುದು," ಅಂದ.

ಆಷಾಢದ ಉಳಿದ ಹಗಲುಗಳೆಲ್ಲ ಆ ಕತ್ತಲ ಕೋಣೆಯಲ್ಲೇ ಕಳೆದವು. ತಡೆಯಿಲ್ಲದೆ ಓಡುವ ಬೈಕನ್ನು ಅವನು ಹೊಸದಾಗಿ ಕಲಿಯಬೇಕಾಯಿತು. ಬೀಳುತ್ತಿದ್ದ, ಮತ್ತೆ ಶುರು ಮಾಡುತ್ತಿದ್ದ, ಬೀಳುತ್ತಿದ್ದ. ಕೈ ಜಾರಿದರೆ ನಾನು ಎತ್ತಿ ರಿಮೋಟಿನ ಮೇಲಿಡಬೇಕಿತ್ತು. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ, ಅಜ್ಜಿ ಪಕ್ಕದಲ್ಲಿ ಕೂತು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದಳು. ಅವನು ಟಿ.ವಿ.ಯಿಂದ ಕಣ್ಣು ತೆಗೆಯದೆ ನುಂಗುತ್ತಿದ್ದ. ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ ಅವನು ಓಡಿಸಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಒಂದು ತಿರುವೂ ತಪ್ಪಲಿಲ್ಲ. ಗಡಿಯಾರ ಅವನ ಹಳೆಯ ಓಟಕ್ಕಿಂತಲೂ ಕಡಿಮೆ ಹೊತ್ತು ತೋರಿಸುತ್ತಿತ್ತು. ಕೊನೆಯ ಸೇತುವೆ ದಾಟಿದ, ಎದುರಿಗೆ ಓಟ ಮುಗಿಯುವ ಗೆರೆ ಕಾಣುತ್ತಿತ್ತು. ಕರೆಂಟು ಹೋಯಿತು.

ಟಿ.ವಿ.ಯ ನಡುವೆ ಒಂದು ಬಿಳಿ ಚುಕ್ಕೆ ಉಳಿದು, ಅದೂ ಆರಿತು. ಅಮ್ಮ ಎದ್ದು ಹಿತ್ತಲಿಗೆ ಹೋದಳು, ಅಲ್ಲಿ ಅವಳು ಬಟ್ಟೆ ಒಗೆಯುವ ಕಲ್ಲಿಗೆ ಬರೀ ಕೈಯಲ್ಲಿ ಬಡಿಯುವ ಸದ್ದು ಕೇಳಿಸಿತು. "ಇನ್ನೊಂದ್ಸಲ ಆಗುತ್ತೆ ಬಿಡೋ," ಅಂದೆ. "ಆಗಲ್ಲ ಕಣೇ ಅಕ್ಕಾ," ಅಂದ ಚಂದ್ರು, ಯಾರದೋ ವಿಷಯ ಹೇಳುವವನಂತೆ.

ಆಗಲಿಲ್ಲ. ಬಾಷಾ ಅಣ್ಣ ಬರುವ ಹಿಂದಿನ ದಿನ ಅವನು ಒಂದು ಓಟವನ್ನು ಪೂರ್ತಿ ಮುಗಿಸಿದ, ಬೀಳದೆ. ಕಂಪ್ಯೂಟರಿನಲ್ಲಿ ಅದು ಕನ್ನಡಿಯಷ್ಟು ಸ್ಪಷ್ಟವಾಗಿ ಬಂದಿತ್ತು. ಆದರೆ ಹಳೆಯ ಓಟಕ್ಕಿಂತ ತುಂಬ ನಿಧಾನ. ಇದನ್ನೇ ಹಾಕೋಣ, ನಿನ್ನ ಕೈಯ ವಿಷಯ ನಾನು ಬರೆಯುತ್ತೇನೆ, ಆಗ ನಂಬುತ್ತಾರೆ ಎಂದೆ. ಅವನ ಕಣ್ಣಿನಲ್ಲಿ ನಾನು ಅಂಥ ಸಿಟ್ಟನ್ನು ಕಂಡದ್ದು ಅದೊಂದೇ ಸಲ.

"ಬರೀಬೇಡ. ಪಾಪ ಅಂತಾರೆ. ಪಾಪ ಅನ್ನಿಸ್ಕೊಂಡಿದ್ದು ಇಲ್ಲಿ ಸಾಕಾಗಿದೆ ನಂಗೆ. ಅಲ್ಲಿ ಸುಳ್ಳುಗಾರನಾಗೇ ಇರ್ತೀನಿ, ಪರವಾಗಿಲ್ಲ."

ನಾನು ಬರೆಯಲಿಲ್ಲ. ವಿ.ಸಿ.ಆರ್. ಸ್ಕೂಟರ್ ಹತ್ತಿ ಹೋಯಿತು. ದೀಪಾವಳಿಯ ಹೊತ್ತಿಗೆ ರಿಮೋಟು ಅವನ ತೊಡೆಯ ಮೇಲೆ ಸುಮ್ಮನೆ ಬಿದ್ದಿರತೊಡಗಿತು, ಆಮೇಲೆ ನಾನು ಆಡುವುದು, ಅವನು ಪಕ್ಕದಿಂದ ಬೈಯುವುದು. "ತಿರುಗ್ಸೇ, ತಿರುಗ್ಸೇ, ಅಯ್ಯೋ ಎಮ್ಮೆ!" ಒಂದು ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿತು. ಆಸ್ಪತ್ರೆಯಲ್ಲಿ ಅವನಿಗೆ ಉಸಿರಾಡಿಸುವ ಮಿಷನ್ ಹಾಕಿದ್ದರು, ಮಾತು ಇರಲಿಲ್ಲ. ಬೆಳಗಿನ ಹೊತ್ತು ಹೋದ. ಅಜ್ಜಿ ಅವನ ಹಿಂದೆಯೇ ಹೋಗಬೇಕೆಂದು ಅನ್ನ ಬಿಟ್ಟಳು, ಕೊನೆಗೆ ಹಾಗೆಯೇ ಹೋದಳು. ಆ ತಾಣವನ್ನೂ ಯಾರೋ ಮುಚ್ಚಿದರು. ಅವನನ್ನು ಸುಳ್ಳುಗಾರನೆಂದು ಬರೆದಿದ್ದ ಪುಟವೂ ಈಗ ಎಲ್ಲಿಯೂ ಇಲ್ಲ.

ಮನೆ ಖಾಲಿ ಮಾಡುವ ಮುನ್ನ ಒಂದು ಭಾನುವಾರ ಅಪ್ಪ ನನ್ನನ್ನು ಕರೆದು, "ಅವನದೇನೋ ವೀಡಿಯೊ ಮಾಡಿದ್ರಲ್ಲ, ಇದ್ಯೇನಮ್ಮ?" ಎಂದು ಕೇಳಿದರು. ಆ ದಿನಗಳಲ್ಲಿ ಅಂಗಡಿಯಿಂದ ಬಂದು ಚಪ್ಪಲಿ ಬಿಡುತ್ತಾ ಏನು ನಡೆಯಿತೆಂದು ಕೇಳಿಕೊಳ್ಳುತ್ತಿದ್ದುದು ಬಿಟ್ಟರೆ, ಅವರು ಅವನು ಆಡುವುದನ್ನು ಕೂತು ನೋಡಿರಲೇ ಇಲ್ಲ. ನೋಡಲು ಧೈರ್ಯ ಸಾಲದೆ ಇದ್ದಿರಬೇಕು. ಗಂಟುಮೂಟೆಗಳ ನಡುವೆ ಕಂಪ್ಯೂಟರನ್ನು ನೆಲಕ್ಕಿಟ್ಟು ಹಾಕಿದೆ. ತಂತಿಯಲ್ಲಿ ನೇರವಾಗಿ ಬಂದದ್ದರಿಂದ ಅದರಲ್ಲಿ ನಮ್ಮ ಯಾರ ದನಿಯೂ ಇರಲಿಲ್ಲ, ಬರೀ ಇಂಜಿನ್ನಿನ ಸದ್ದು. ಹೆಲ್ಮೆಟ್ಟು ಹಾಕಿದ ಒಂದು ಬೆನ್ನು, ಬೆಟ್ಟ, ರಸ್ತೆ. ಅಪ್ಪ ಕನ್ನಡಕ ಒರೆಸಿ ಹಾಕಿಕೊಂಡು ಹತ್ತಿರಕ್ಕೆ ಬಗ್ಗಿದರು.

"ಇದ್ರಲ್ಲಿ ಅವ್ನೆಲ್ಲಿ?"

"ಆ ಬೈಕ್ ಓಡಿಸ್ತಿರೋನೇ ಅಪ್ಪ."

ಅವರು ನೆಲದ ಮೇಲೆ ಕೂತರು. ಅಮ್ಮ ಅಡಿಗೆಮನೆಯಿಂದ ಬಂದು ಒದ್ದೆ ಕೈಯಲ್ಲೇ ಬಾಗಿಲಿಗೆ ಒರಗಿದಳು. ಬೈಕು ತಿರುವುಗಳಲ್ಲಿ ಮಲಗುತ್ತಾ ಏಳುತ್ತಾ, ಪ್ರಪಾತದ ಅಂಚನ್ನು ಸವರುತ್ತಾ, ಸೇತುವೆ ದಾಟಿ, ಗೆರೆ ದಾಟಿ ಹೋಯಿತು. ಪರದೆ ನೀಲಿಯಾಯಿತು. ಅಪ್ಪ ಆ ನೀಲಿಯನ್ನೇ ನೋಡುತ್ತಾ ಕೂತಿದ್ದರು. ನಾನು ಆರಿಸಲು ಕೈ ಚಾಚಿದೆ.

"ಇನ್ನೊಂದ್ಸಲ ಹಾಕಮ್ಮ," ಅಂದರು.