ಸಂಜೆಗೊಂದು ಸಂಧಿ

ಸೊಲ್ಲಾಪುರದ ನವಿ ಪೇಠದ ಹಿಂದಿನ ವಾಡೆಯಲ್ಲಿ ನನ್ನ ಪಕ್ಕದ ಖೋಲಿಯವರು ಬಟ್ಟೆ ಗಿರಣಿಯೊಂದರ ಕಾರಕೂನರು. ಮನೆಮಾತು ಕನ್ನಡ, ಕಲಿತದ್ದು ಮರಾಠಿ ಶಾಲೆಯಲ್ಲಿ. ದಾರೂಬಂದಿಯ, ಎಂದರೆ ಪಾನನಿಷೇಧದ, ಆ ವರ್ಷಗಳಲ್ಲಿಯೂ ಕಳ್ಳಭಟ್ಟಿಯ ದಾರಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೊಟ್ಟೆಬೇನೆಯಿಂದ ಹಾಸಿಗೆ ಹಿಡಿದು ಎದ್ದ ಮೇಲೆ ಕುಡಿತವನ್ನು ಬಿಟ್ಟಿದ್ದರು. ಆದರೆ ಗಿರಣಿ ಬಿಟ್ಟ ಹೊತ್ತಿನಿಂದ ಊಟದವರೆಗಿನ ಸಂಜೆ ಅವರಿಗೆ ಕಳೆಯುತ್ತಿರಲಿಲ್ಲ. ಒಂದು ದಿನ ಅವರ ಹೆಂಡತಿ ನನ್ನ ಹೊಸ್ತಿಲಿಗೆ ಬಂದು ನಿಂತರು.

“ಮಾಸ್ತರ, ಸಂಜೀಕ ಇವರನ್ನ ನಿಮ್ಮ ಹತ್ರ ಕೂಡಿಸ್ಕೋರಿ. ಉಪದೇಶ ಮಾತ್ರ ಮಾಡಬ್ಯಾಡ್ರಿ, ಮನ್ಯಾಗ ಭಾಳ ಆಗ್ಯದ.”

ಉಪದೇಶವನ್ನು ಬಿಟ್ಟರೆ ನನ್ನಲ್ಲಿ ಉಳಿಯುವುದು ವ್ಯಾಕರಣವೊಂದೇ. ನಾನು ಮಾಸ್ತರಿಕೆಯನ್ನು ಬಿಟ್ಟಿದ್ದೆ. ಅದು ನನ್ನನ್ನು ಬಿಟ್ಟಿರಲಿಲ್ಲ. ‘ಊರು’, ‘ಅಲ್ಲಿ’ ಕೂಡಿ ‘ಊರಲ್ಲಿ’ ಆಗುವಾಗ ಉಕಾರವು ಬಿದ್ದುಹೋಗುತ್ತದೆ, ಅದು ಲೋಪಸಂಧಿ ಎಂದು ಮೊದಲ ಸಂಜೆ ವಿವರಿಸಿದೆ. ಅವರು ಗಾಬರಿಯಾದರು.

“ಸಂಧೀನ ಲೋಪ ಆದ್ರ ಹ್ಯಾಂಗ್ರಿ? ನಮ್ಮ ಸಾಹೇಬ ಬಡತಿಗೆ ಸಂಧಿ ಕೊಡತೀನಿ ಅಂದಾನ!”

ಮರಾಠಿಯ ‘ಸಂಧಿ’ಗೆ ಅವಕಾಶವೆಂಬ ಅರ್ಥವೂ ಉಂಟೆಂದು ಹೊಳೆದಾಗ ಇಬ್ಬರೂ ನಕ್ಕೆವು. ಮರುದಿನ ಅವರು ಮಗಳ ಮರಾಠಿ ವ್ಯಾಕರಣವನ್ನು ಕಂಕುಳಲ್ಲಿಟ್ಟುಕೊಂಡು, ಜಗಳಕ್ಕೆ ಸಿದ್ಧರಾಗಿಯೇ ಬಂದರು. ಜೀವವಿಲ್ಲದ ಕುರ್ಚಿ ಸ್ತ್ರೀಲಿಂಗವಾಗುವುದು ಹೇಗೆಂದು ನಾನು. ಮನೆಯಲ್ಲಿ ಅದರ ಮೇಲೆ ಕುಳಿತವರಾರೆಂದು ನೋಡಿದರೆ ತಿಳಿದೀತೆಂದು ಅವರು. ಸಂಜೆಗಳು ಸಾಲದಾದವು.

ಆದರೂ ಅವರು ಮತ್ತೆ ಕುಡಿದಾರೆಂಬ ಹೆಂಡತಿಯ ಹೆದರಿಕೆ ಹೋಗಿರಲಿಲ್ಲ. ಬೇಸಿಗೆಯಲ್ಲಿ ಆಕೆಯ ತಂಗಿಯ ಮದುವೆಗೆಂದು ಅಕ್ಕಲಕೋಟೆಗೆ ಹೋದೆವು. ನನ್ನನ್ನೂ ಒತ್ತಾಯದಿಂದ ಕರೆದೊಯ್ದಿದ್ದರು. ಊಟಕ್ಕೆ ಕುಳಿತಿದ್ದಾಗ ಹಳೆಯ ಕುಡಿತದ ಗೆಳೆಯನೊಬ್ಬ ಹಂದರದ ಬಾಗಿಲಲ್ಲಿ ನಿಂತು ಇವರಿಗೆ ಕಣ್ಸನ್ನೆ ಮಾಡಿದ. ಇವರು ಎದ್ದು ಹೋದರು. ಬಡಿಸುತ್ತಿದ್ದ ಹೆಂಡತಿಯ ಕೈ ನಿಂತಿತು. ಆಕೆ ನನ್ನ ಮುಖ ನೋಡಿದರು. ಹಿಂದೆಯೇ ಹೋಗಲು ನಾನು ಏಳುವಷ್ಟರಲ್ಲಿ ಬಾಗಿಲಿನಿಂದ ಏರಿದ ದನಿಗಳು ಕೇಳಿಸಿದವು. ಹಂದರದ ‘ಸುಸ್ವಾಗತ’ದ ಫಲಕದ ಕೆಳಗೆ ಇವರು ನಿಂತುಬಿಟ್ಟಿದ್ದರು.

“ಸ್ವಾಗತದಾಗ ಒಂದ ‘ಸು’ ಮೊದಲೇ ಅದ. ಸು, ಆಗತ, ಸ್ವಾಗತ. ಇನ್ನೊಂದ ‘ಸು’ ಯಾಕ ಬೇಕು?”

“ಇರಲಿ ಬಿಡೋ, ಮದವಿ ಮನಿ! ಒಂದ ಹೆಚ್ಚಾದ್ರ ಏನಾಗ್ತದ? ನಡಿ, ಹೊತ್ತಾತು.”

“ಒಂದ ಹೆಚ್ಚಾದ್ರ ಏನಾಗ್ತದ? ನಮ್ಮಾಕಿನ್ನ ಕೇಳು!”

ಊಟಕ್ಕೆ ಕುಳಿತ ಪಂಕ್ತಿಯೆಲ್ಲ ನಕ್ಕಿತು. ಗೆಳೆಯ ಗೊಣಗುತ್ತ ಒಬ್ಬನೇ ಹೋದ. ಇವರು ಬಂದು ನನ್ನ ಪಕ್ಕದ ಎಲೆಗೆ ಕುಳಿತು, “ಮಾಸ್ತರ, ಅದು ಯಣ್ ಸಂಧಿ ಹೌದಲ್ರಿ?” ಎಂದು ಮೆಲ್ಲಗೆ ಕೇಳಿದರು. ಹೌದೆಂದೆ. ಹೆಂಡತಿ ತುಪ್ಪದ ಗಿಂಡಿ ಹಿಡಿದು ಬಂದರು. ಹೋಳಿಗೆಯ ಮೇಲೆ ತುಪ್ಪ ಸುರಿಯತೊಡಗಿದವರು, ಇವರು ಸಾಕೆಂದು ಕೈ ಅಡ್ಡ ಹಿಡಿದರೂ ನಿಲ್ಲಿಸಲಿಲ್ಲ.