ಪೂಜೆಗೆಂದು ತೆಗೆದ ಪಾಸ್‌ವರ್ಡ್

ಅತ್ತಿಬೆಲೆಯ ನಮ್ಮ ಬೋಲ್ಟ್ ಕಾರ್ಖಾನೆಯ ತಪಾಸಣೆ ಕೋಣೆಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಅದರಲ್ಲಿ ನನ್ನ ಹೆಸರಿನ ಲಾಗಿನ್, ನನ್ನದೇ ಒಂದು ಪಾಸ್‌ವರ್ಡ್. ಅದರಲ್ಲಿ ಕ್ಯಾಪಿಟಲ್ ಅಕ್ಷರ ಇರಬೇಕು, ಅಂಕಿ ಇರಬೇಕು, ತಿಂಗಳಿಗೊಮ್ಮೆ ಬದಲಾಯಿಸಲೇಬೇಕು ಎಂದು ಮ್ಯಾನೇಜರ್ ಸಾಹೇಬರ ಕಟ್ಟಪ್ಪಣೆ. ವರ್ಷಗಟ್ಟಲೆ ಅದನ್ನು ಶಾಸ್ತ್ರೋಕ್ತವಾಗಿ ಪಾಲಿಸಿದೆ. ಒಮ್ಮೆ ಮರೆತು ಅರ್ಧ ದಿನ ಕೆಲಸ ನಿಂತಾಗ ಎಲ್ಲರೆದುರು ಬೈಸಿಕೊಂಡೂ ಇದ್ದೇನೆ.

ಒಂದು ದಿನ ಪ್ರಿಂಟರ್ ರಿಪೇರಿಗೆ ಬಂದ ಸರ್ವೀಸಿನವರು ನನ್ನ ಪಾಸ್‌ವರ್ಡ್ ಕೇಳಲೇ ಇಲ್ಲ. ಪರದೆಯ ಮೇಲಿದ್ದ ನನ್ನ ಹೆಸರು ತೆಗೆದು ಅಡ್ಮಿನಿಸ್ಟ್ರೇಟರ್ ಎಂದು ಟೈಪ್ ಮಾಡಿದರು, ಪಾಸ್‌ವರ್ಡಿನ ಜಾಗ ಖಾಲಿ ಬಿಟ್ಟು ಎಂಟರ್ ಒತ್ತಿದರು. ತೆರೆದುಕೊಂಡಿತು! ಆ ಹೆಸರಿನಲ್ಲಿ ಒಳಹೊಕ್ಕವರು ಯಾರ ಫೈಲನ್ನಾದರೂ ತೆಗೆಯಬಹುದು, ತಿದ್ದಬಹುದು, ಅಳಿಸಬಹುದು.

"ಇದಕ್ಕೆ ಪಾಸ್‌ವರ್ಡೇ ಇಲ್ವಾ ಅಣ್ಣ?" ಎಂದೆ.

"ಇತ್ತು ಮೇಡಂ. ಪೂಜೆಗೆ ಅಂತ ತೆಗೆಸಿದ್ರು. ಆಮೇಲೆ ಯಾರೂ ಹಾಕಿ ಅನ್ಲಿಲ್ಲ, ನಾನೂ ಹಾಕ್ಲಿಲ್ಲ."

ಆ ಪೂಜೆ ನನಗೂ ನೆನಪಿತ್ತು. ಆಯುಧಪೂಜೆಯ ದಿನ ನಮ್ಮಲ್ಲಿ ಪ್ರತಿ ಯಂತ್ರವನ್ನೂ ಕಾರ್ಖಾನೆಯ ಯಜಮಾನರೇ ಕೈಯಾರೆ ಚಾಲೂ ಮಾಡಬೇಕು. ಲೇತ್, ಕುಲುಮೆ, ಕೊನೆಗೆ ಈ ಕಂಪ್ಯೂಟರ್. ಆ ವರ್ಷ ಅವರು ಆರತಿ ತಟ್ಟೆ ಹಿಡಿದು ನಿಂತಿದ್ದಾಗ ಪರದೆ ಪಾಸ್‌ವರ್ಡ್ ಕೇಳಿತು. ಕಡ್ಲೆಪುರಿ ಹಂಚುತ್ತಿದ್ದ ನಾನು ಜನರ ನಡುವೆ ನುಗ್ಗಿ ಬರುವಷ್ಟರಲ್ಲಿ ಕರ್ಪೂರ ಆರಿಹೋಯಿತು. ಎಪ್ಪತ್ತು ದಾಟಿದ ಹಿರಿಯರು, ಮುಖ ಸಣ್ಣದಾಯಿತು. "ದೇವ್ರ ದಿನಾನೂ ಬೀಗ ಆಕ್ಕೊಂಡು ಕೂತೈತಲ್ಲಮ್ಮ ಇದು" ಎಂದರು. ಮರುವರ್ಷದ ಪೂಜೆಗೆ ಅವರು ಅಡ್ಮಿನಿಸ್ಟ್ರೇಟರ್ ಹೆಸರಿನಲ್ಲಿ ತೆರೆಯಲೆಂದು ಅದರ ಬೀಗ ತೆಗೆಸಲಾಯಿತು. ಹಾಗೇ ಉಳಿಯಿತು.

ಮ್ಯಾನೇಜರ್ ಹತ್ತಿರ ಹೋಗಿ ಹೇಳಿದೆ. ಅವರು ನಕ್ಕರು. "ನಟ್ಟು ಬೋಲ್ಟು ಮಾಡೋರು ಮೇಡಂ ನಾವು. ಇಲ್ಲಿ ಯಾರು ಏನು ಕದೀತಾರೆ? ಎಲ್ಲ ಒಂದೇ ಫ್ಯಾಮಿಲಿ ಥರ ಅಲ್ವಾ?"

ಫ್ಯಾಮಿಲಿಯಂತೆ! ನನಗೆ ಮಾತ್ರ ತಿಂಗಳಿಗೊಂದು ಹೊಸ ಬೀಗ, ಪಕ್ಕದಲ್ಲೇ ಹೆಬ್ಬಾಗಿಲು ಹಾರು ಹೊಡೆದಿದೆ. ಮೂರು ಸಲ ಹೇಳಿದೆ. ಮೂರನೆಯ ಸಲ ನನಗೆ ಅನುಮಾನದ ಕಾಯಿಲೆ ಎಂದರು.

ಶ್ರಾವಣದಲ್ಲಿ ಲಿಫ್ಟ್ ತಯಾರಿಸುವ ಕಂಪನಿಗೆ ಹೋಗಬೇಕಾದ ಬೋಲ್ಟುಗಳ ಒಂದು ಲಾಟ್ ನನ್ನ ಮೇಜಿಗೆ ಬಂತು. ಕುಲುಮೆಯಲ್ಲಿ ಹದ ತಪ್ಪಿ ಅತಿ ಗಟ್ಟಿಯಾಗಿತ್ತು. ಬೋಲ್ಟ್ ಗಟ್ಟಿ ಜಾಸ್ತಿಯಾದರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಅತಿ ಗಟ್ಟಿಯಾದ ಬೋಲ್ಟ್ ಬಗ್ಗಿ ಸೂಚನೆ ಕೊಡುವುದಿಲ್ಲ, ಒಮ್ಮೆಗೇ ಮುರಿಯುತ್ತದೆ. ಎರಡೆರಡು ಸಲ ಪರೀಕ್ಷೆ ಮಾಡಿ, ಅಂಕಿಗಳನ್ನು ನನ್ನ ರಫ್ ಪುಸ್ತಕದಲ್ಲಿ ಬರೆದುಕೊಂಡು, ಕಂಪ್ಯೂಟರಿನಲ್ಲಿ ರಿಜೆಕ್ಟ್ ಎಂದು ಹಾಕಿ, ಪೆಟ್ಟಿಗೆಗಳಿಗೆ ಕೆಂಪು ಚೀಟಿ ಅಂಟಿಸಿ ಶನಿವಾರ ಚಂದಾಪುರದ ಬಸ್ಸು ಹತ್ತಿದೆ.

ಸೋಮವಾರ ಬಂದರೆ ಪೆಟ್ಟಿಗೆಗಳು ಇರಲಿಲ್ಲ. ಕಂಪ್ಯೂಟರ್ ತೆರೆದೆ. ಅಂಕಿಗಳೆಲ್ಲ ಬೇರೆ. ರಿಜೆಕ್ಟ್ ಇದ್ದ ಜಾಗದಲ್ಲಿ ಓಕೆ. ಕೆಳಗೆ ತಪಾಸಣೆ ಮಾಡಿದವರು ಎಂಬಲ್ಲಿ ನನ್ನ ಹೆಸರು ಹಾಗೇ ಇತ್ತು.

ಮ್ಯಾನೇಜರ್ ಕೋಣೆಗೆ ನುಗ್ಗಿ, ಇದನ್ನು ಯಾರು ತಿದ್ದಿದ್ದು ಎಂದು ಕೇಳಿದೆ. ಅವರು ತಲೆ ಎತ್ತಲಿಲ್ಲ.

"ನಿಮ್ಮ ಹೆಸರೇ ಇದೆಯಲ್ಲ ಮೇಡಂ. ಡೆಲಿವರಿ ಲೇಟಾಗ್ತಿತ್ತು. ಸುಮ್ನೆ ಬಿಡಿ."

ನಾನು ಬಿಡಲಿಲ್ಲ. ನಾಳೆ ಲಿಫ್ಟೊಂದು ಕೆಳಗೆ ಬಿದ್ದರೆ ಪೊಲೀಸರು ಹುಡುಕಿಕೊಂಡು ಬರುವುದು ನನ್ನ ಮನೆಗೆ. ಅದಕ್ಕಿಂತ ಹೆಚ್ಚಾಗಿ, ಅದರೊಳಗೆ ನಿಂತವರಿಗೆ ನಾನು ಏನೆಂದು ಹೇಳಲಿ? ಲಿಫ್ಟ್ ಕಂಪನಿಯಲ್ಲಿ ಸರಕು ಪರೀಕ್ಷಿಸುವ ಹೆಂಗಸು ನನಗೆ ಫೋನಿನ ದನಿಯಾಗಿ ಮಾತ್ರ ಪರಿಚಯ. ಅವರಿಗೆ ಫೋನ್ ಮಾಡಿದೆ. "ಆ ಲಾಟ್ ಮುಟ್ಬೇಡಿ ಮೇಡಂ. ನಮ್ಮ ರಿಪೋರ್ಟ್ ನಂಬ್ಬೇಡಿ, ನೀವೇ ಒಂದ್ಸಲ ಟೆಸ್ಟ್ ಮಾಡ್ಕೊಳ್ಳಿ" ಎಂದೆ. ನನ್ನ ಹೆಸರಿನ ರಿಪೋರ್ಟನ್ನೇ ನಂಬಬೇಡಿ ಎಂದು ನಾನೇ ಹೇಳಬೇಕಾಯಿತು.

ಆಮೇಲೆ ಅದೇ ತೆರೆದ ಬಾಗಿಲಿನಿಂದ ನಾನೂ ಒಳಹೋದೆ. ಅಡ್ಮಿನಿಸ್ಟ್ರೇಟರ್, ಖಾಲಿ, ಎಂಟರ್. ಒಳಗಿನಿಂದ ಗಟ್ಟಿಯಾದ ಪಾಸ್‌ವರ್ಡ್ ಹಾಕಿದೆ. ಅದನ್ನು ಚೀಟಿಯಲ್ಲಿ ಬರೆದು ಕವರಿಗೆ ಹಾಕಿ, ಅಂಟಿನ ಮೇಲೆ ಸಹಿ ಮಾಡಿ ಯಜಮಾನರ ಕೈಗೇ ಕೊಟ್ಟೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು, ಗೊತ್ತು. ಆದರೂ ಹಾಕಿದೆ.

ಮೂರೇ ದಿನದಲ್ಲಿ ನನಗೆ ಮೆಮೊ ಬಂತು. ಅನುಮತಿ ಇಲ್ಲದೆ ಕಂಪನಿಯ ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿದ್ದೇಕೆ, ವಿವರಣೆ ಕೊಡಿ. ರಿಪೋರ್ಟ್ ತಿದ್ದಿದ ವಿಷಯ ಅದರಲ್ಲಿ ಒಂದಕ್ಷರ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ವಾರದೊಳಗೆ ಲಾಟ್ ಪೂರ್ತಿ ವಾಪಸು ಬಂತು. ಅವರ ಪರೀಕ್ಷೆಯ ಅಂಕಿಗಳು ನನ್ನ ರಫ್ ಪುಸ್ತಕದ ಅಂಕಿಗಳಿಗೆ ಹೊಂದಿದವು. ಯಜಮಾನರು ಕರೆಸಿ ಪುಸ್ತಕ ತಿರುವಿ ನೋಡಿದರು. ಯಾರೋ ಕೈತಪ್ಪಿ ಏನೋ ಒತ್ತಿರಬೇಕು ಎಂದು ಮ್ಯಾನೇಜರ್ ಹೇಳಿದರು. ಅಂಕಿ, ಓಕೆ, ಎಲ್ಲವೂ ಕೈತಪ್ಪಿ! ಯಜಮಾನರು ಅವರ ಮುಖ ನೋಡಿದರು, ಏನೂ ಅನ್ನಲಿಲ್ಲ. ಆ ಮೌನಕ್ಕೆ ಇವತ್ತಿಗೂ ನನಗೆ ಸಿಟ್ಟಿದೆ.

ಆಯುಧಪೂಜೆ ಮತ್ತೆ ಬಂತು. ಹಿಂದಿನ ದಿನ ಮ್ಯಾನೇಜರ್ ನನ್ನ ಕೋಣೆಗೆ ಬಂದರು. "ಪಾಸ್‌ವರ್ಡ್ ತೆಗೆದ್ಬಿಡಿ ಮೇಡಂ. ಒಂದು ದಿನಕ್ಕಷ್ಟೇ."

"ಆಗಲ್ಲ ಸಾರ್," ಎಂದೆ. "ಕವರ್ ಯಜಮಾನರ ಹತ್ರ ಇದೆ. ಅವರೇ ತೆಗೀಲಿ."

ಮರುದಿನ ಯಜಮಾನರು ಕಂಪ್ಯೂಟರಿನ ಮುಂದೆ ನಿಂತರು. ಆರತಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಜೇಬಿನಿಂದ ಕವರ್ ತೆಗೆದು ಹರಿದರು. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಟೈಪ್ ಮಾಡಿದರು. ತಪ್ಪಾಯಿತು. ಪುರೋಹಿತರು ಗಡಿಯಾರ ನೋಡಿಕೊಂಡರು. ಎರಡನೆಯ ಸಲವೂ ತಪ್ಪಾಯಿತು. ಮ್ಯಾನೇಜರ್ ಕೈ ಮುಂದೆ ಚಾಚಿದರು, "ಕೊಡಿ ಸಾರ್, ನಾನ್ ಹಾಕ್ತೀನಿ." ಯಜಮಾನರು ಚೀಟಿಯನ್ನು ಎದೆಗೆ ಒತ್ತಿಕೊಂಡು, "ನೀನು ಬ್ಯಾಡ" ಎಂದರು. ಕರ್ಪೂರ ಆರಿತು, ನಾನು ಇನ್ನೊಂದು ಹಚ್ಚಿದೆ. ಮೂರನೆಯ ಸಲ ತೆರೆದುಕೊಂಡಿತು.

ಅಷ್ಟು ಜನರ ಕಣ್ಣು ಕೀಬೋರ್ಡಿನ ಮೇಲಿತ್ತಲ್ಲ! ಪ್ರಸಾದ ಹಂಚುವ ಮೊದಲೇ ಹೊಸ ಪಾಸ್‌ವರ್ಡ್ ಹಾಕಿ ಹೊಸ ಕವರ್ ಅವರ ಕೈಗಿತ್ತೆ.

ಮ್ಯಾನೇಜರ್ ಈಗಲೂ ಮ್ಯಾನೇಜರೇ. ಮೆಮೊ ಈಗಲೂ ನನ್ನ ಫೈಲಿನಲ್ಲಿದೆ, ಯಾರೂ ಹಿಂದಕ್ಕೆ ಪಡೆದಿಲ್ಲ. ಪಡೆಯಿರಿ ಎಂದು ನಾನು ಕೇಳಿಕೊಳ್ಳುವುದೂ ಇಲ್ಲ. ಅದರ ಕೆಳಗೆ ಸ್ವೀಕರಿಸಿದ್ದೇನೆ ಎಂದು ಬರೆದು ಹಾಕಿದ ಸಹಿ ನನ್ನದು, ನನ್ನ ಕೈಯಿಂದಲೇ ಹಾಕಿದ್ದು.