ಪೂಜ್ಯ ಮಾತಾಜಿಗೆ ನನ್ನ ಹಿಂದಿ

ಹಿಂದಿ ಮಾತಾಡುವ ಒಬ್ಬರನ್ನೂ ನೋಡದೆ ನಾನು ಹಿಂದಿ ಕಲಿತೆ. ನನಗೆ ಕಲಿಸಿದವರು ನಂಜನಗೂಡಿನವರು, ಅವರಿಗೆ ಕಲಿಸಿದವರು ಮೈಸೂರಿನವರು. ಆ ಮೈಸೂರಿನವರು ಒಂದು ಸಲ ಕಾಶಿಗೆ ಹೋಗಿದ್ದರಂತೆ, ಅಲ್ಲೂ ಕನ್ನಡದವರ ಛತ್ರ ಹುಡುಕಿಕೊಂಡು ಇಳಿದಿದ್ದರಂತೆ. ಹೀಗೆ ಕೈಯಿಂದ ಕೈಗೆ ದಾಟಿ ಬಂದ ಹಿಂದಿಯಲ್ಲಿ ಪರೀಕ್ಷೆಯ ಮೇಲೆ ಪರೀಕ್ಷೆ ಕಟ್ಟಿ, ಎಲ್ಲದರಲ್ಲೂ ಫಸ್ಟ್ ಕ್ಲಾಸ್ ಬಂದು, ಟಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ಹಿಂದಿ ಟೀಚರ್ ಆದೆ. ಮನೆ ನಂಜನಗೂಡಿನಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು.

ನನ್ನದು ಸಿಡುಕು ಸ್ವಭಾವ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಜೊತೆ ವಾರಕ್ಕೆರಡು ಜಗಳವಾದರೂ ಆಗುತ್ತಿತ್ತು. ಎಲ್ಲ ಕನ್ನಡದಲ್ಲಿ. ಹಿಂದಿಯಲ್ಲಿ ನನಗೆ ಕೋಪವೇ ಬರುತ್ತಿರಲಿಲ್ಲ, ಯಾಕೆಂದರೆ ಗೈಡಿನಲ್ಲಿ ಅದರ ಪಾಠವೇ ಇರಲಿಲ್ಲ. ಗೈಡಿನ ಹಿಂದಿಯಲ್ಲಿ ಎಲ್ಲರೂ ಬೆಳಿಗ್ಗೆ ಬೇಗ ಏಳುತ್ತಾರೆ, ಗುರುಗಳಿಗೆ ನಮಸ್ಕರಿಸುತ್ತಾರೆ, ರಜೆ ಬೇಕಾದರೆ ವಿನಯದಿಂದ ಅರ್ಜಿ ಬರೆಯುತ್ತಾರೆ. ಆ ಭಾಷೆಯಲ್ಲಿ ನಾನು ತುಂಬ ಒಳ್ಳೆಯವಳು.

ಕ್ಲಾಸಿನಲ್ಲಿ ಮಾತ್ರ ಕಷ್ಟ. ಹಿಂದಿಯಲ್ಲಿ ಗಂಡಸಿನ ಮೀಸೆ ಸ್ತ್ರೀಲಿಂಗ, ಹೆಂಗಸಿನ ಲಂಗ ಪುಲ್ಲಿಂಗ. ಯಾಕೆ ಮಿಸ್ ಎಂದು ಮಕ್ಕಳು ಕೇಳಿದರೆ ನನಗೆ ರೇಗುತ್ತಿತ್ತು. ಗೊತ್ತಿಲ್ಲದ್ದನ್ನು ಯಾರಾದರೂ ಕೇಳಿದಾಗ ನನಗೆ ಯಾವಾಗಲೂ ರೇಗುತ್ತದೆ. "ತಿಳೀದಿದ್ರೆ ತಿಳೀಲಿಲ್ಲ ಅಂತ ಕೇಳ್ಬೇಕು, ಬಾಯ್ಮುಚ್ಕೊಂಡು ಕೂರಬಾರ್ದು" ಎಂದು ಅದೇ ಮಕ್ಕಳಿಗೆ ಪಾಠ ಹೇಳುತ್ತಿದ್ದವಳೂ ನಾನೇ.

ಬೀದಿಯಲ್ಲಿ ನನ್ನ ಹಿಂದಿಗೆ ಪ್ರಚಾರ ಕೊಟ್ಟವರು ನಮ್ಮತ್ತೆ. ಅವರು ಮೂಗೂರಿನ ಕಡೆಯವರು, ಓದುಬರಹ ಇಲ್ಲ. "ನಮ್ ಸೊಸೆ ಇಂದೀಲಿ ನೀರು ಕುಡ್ದಂಗೆ ಮಾತಾಡ್ತಳೆ" ಎಂದು ನಲ್ಲಿಯ ಹತ್ತಿರ ನಿಂತು ಹೇಳಿ ಬರುತ್ತಿದ್ದರು. ಆ ನೀರನ್ನು ನಾನು ಎಂದೂ ಕುಡಿದಿರಲಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು. ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದಕ್ಕೆ ಬಿಹಾರದ ಕಡೆಯಿಂದ ಬಂದ ಒಬ್ಬ ಫಿಟ್ಟರ್ ನಮ್ಮ ಮನೆಯ ಹಿಂದಿನ ಎರಡು ಕೋಣೆಗೆ ಬಾಡಿಗೆಗೆ ಬಂದ. ಜೊತೆಗೆ ಹೆಂಡತಿ, ಇಪ್ಪತ್ತು ದಾಟಿರದ ಹುಡುಗಿ. ಅತ್ತೆ ನನ್ನನ್ನು ಮುಂದೆ ಬಿಟ್ಟುಕೊಂಡು ಹೋಗಿ ಅವಳೆದುರು ನಿಲ್ಲಿಸಿದರು. ಎದುರುಮನೆಯವರೂ ಬಾಗಿಲಿಗೆ ಬಂದರು. ನಾನು ಗಂಟಲು ಸರಿಮಾಡಿಕೊಂಡು, "ಆಪ್ ಕಿಸ್ ಪ್ರದೇಶ್ ಕೀ ನಿವಾಸಿನೀ ಹೈಂ?" ಎಂದು, ಅಂದರೆ ತಾವು ಯಾವ ಪ್ರದೇಶದ ನಿವಾಸಿನಿ ಎಂದು ಕೇಳಿದೆ.

ಆ ಹುಡುಗಿ ತಲೆಯ ಮೇಲೆ ಸೆರಗು ಎಳೆದುಕೊಂಡು ಕೈ ಮುಗಿದಳು. ಅವಳ ಜೀವನದಲ್ಲಿ ಆ ಥರ ಮಾತಾಡಿದ್ದು ಆಕಾಶವಾಣಿ ಒಂದೇ ಇರಬೇಕು. ಆಮೇಲೆ ಧೈರ್ಯ ತಂದುಕೊಂಡು ಒಂದೇ ಉಸಿರಿಗೆ ಏನೇನೋ ಹೇಳಿದಳು. ನನಗೆ ತಲೆಬುಡ ತಿಳಿಯಲಿಲ್ಲ. ಹಮಾರ್ ಅಂದಳು, ಮನ್ ಅಂದಳು, ನಡುವೆ ನಾಕು ಸಲ "ನೈಖೇ" ಅಂದಳು. ಆ ಪದ ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

"ಏನಂತವ್ವ?" ಅಂದರು ಅತ್ತೆ.

"ಮನೆ ಚೆನ್ನಾಗಿದೆ ಅಂತಿದಾಳೆ ಅತ್ತೆ."

"ಚೆನ್ನಾಗದೆ ಅನ್ನೋರ ಮೊಕ ಇಂಗಿರ್ತದಾ?"

"ನಲ್ಲಿ ನೀರು ಎಷ್ಟೊತ್ತಿಗೆ ಬರುತ್ತೆ ಅಂತಾನೂ ಕೇಳ್ತಿದಾಳೆ."

ಅತ್ತೆ ನನ್ನ ಮುಖವನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದರು. ಎದುರುಮನೆಯವರು ಮೆಚ್ಚಿಕೊಂಡು ಒಳಗೆ ಹೋದರು.

ಸಂಗತಿ ನನಗೆ ತಿಳಿದದ್ದು ಅವಳ ಗಂಡನಿಂದ. ಅವನದು ಊರೂರು ತಿರುಗಿದ ಹಿಂದಿ, ಅರ್ಧಕ್ಕರ್ಧ ಅರ್ಥವಾಗುತ್ತಿತ್ತು. ಇಷ್ಟು ದೂರಕ್ಕೆ ಮಗಳನ್ನು ಕಳಿಸಲು ಅವಳ ತಾಯಿಗೆ ಇಷ್ಟವಿರಲಿಲ್ಲವಂತೆ. ಹೋಗುವುದಾದರೆ ನಿನ್ನ ಮುಖ ನೋಡಲ್ಲ ಅಂದಿದ್ದಳಂತೆ. ಹೊರಟ ದಿನ ಬಾಗಿಲು ಹಾಕಿಕೊಂಡವಳು ಹೊರಗೇ ಬರಲಿಲ್ಲವಂತೆ. ಊರಿನಲ್ಲಿ ಫೋನಿಲ್ಲ. ಅಳಿಯ ಬರೆದ ಕಾಗದಗಳನ್ನು ಆಕೆ ಓದಿಸಿಕೊಳ್ಳುವುದೇ ಇಲ್ಲ. "ಮೇಡಂ, ನೀವು ಟೀಚರ್, ಹೆಂಗಸು. ನೀವು ಬರೆದುಕೊಟ್ಟರೆ ಕೇಳಿಯಾಳು. ತಾಯಿಯ ಕೋಪ ಇಳಿದಿದೆಯೋ ಇಲ್ಲವೋ, ಅದೊಂದು ಗೊತ್ತಾದರೆ ಸಾಕು ಇವಳಿಗೆ" ಎಂದ. ಹೆಂಡತಿಗೆ ಅಕ್ಷರ ಬಾರದು. ಅಷ್ಟು ಹೇಳಿ ಅವನು ಶಿಫ್ಟಿಗೆ ಹೋದ.

ಪತ್ರಲೇಖನ ಅಂದರೆ ನನಗೆ ಹಬ್ಬ. ಎಲ್ಲ ಪರೀಕ್ಷೆಯಲ್ಲೂ ನನ್ನ ಕೈಹಿಡಿದದ್ದು ಅದೇ. ಇನ್‌ಲ್ಯಾಂಡ್ ಲೆಟರ್ ಬಿಡಿಸಿಕೊಂಡು ಕೂತೆ. ಹುಡುಗಿ ನನ್ನ ಮುಂದೆ ನೆಲದ ಮೇಲೆ ಕೂತು ಹೇಳತೊಡಗಿದಳು. ಕಾಲು ಗಂಟೆ ಹೇಳಿದಳು. ನಡುವೆ ನಕ್ಕಳು, ಮೂಗು ಒರೆಸಿಕೊಂಡಳು, ಕೈಯಿಂದ ಯಾವುದೋ ಪ್ರಾಣಿಯ ಎತ್ತರ ತೋರಿಸಿದಳು. ನಿಧಾನವಾಗಿ ಹೇಳು, ನನಗೆ ತಿಳಿಯುತ್ತಿಲ್ಲ ಎಂದರೆ ಆಗುತ್ತಿತ್ತು. ಆದರೆ ಹತ್ತು ವರ್ಷ ಪಾಠ ಮಾಡಿದವಳ ಬಾಯಿಂದ ಆ ಒಂದು ವಾಕ್ಯ ಹೊರಡಲಿಲ್ಲ. ಅಲ್ಲೇ ಅಕ್ಕಿ ಆರಿಸುತ್ತ ಕೂತಿದ್ದ ಅತ್ತೆಯ ಕಿವಿಗೆ ಅದು ಬಿದ್ದರೆ ಸಂಜೆಯೊಳಗೆ ಬೀದಿಗೆಲ್ಲ ಬೀಳುತ್ತದೆ. ನಾನು ತಲೆಯಾಡಿಸುತ್ತ ಬರೆದೆ: ಪೂಜ್ಯ ಮಾತಾಜಿ, ಸಾದರ ಪ್ರಣಾಮ. ನಾನು ಇಲ್ಲಿ ಕುಶಲ. ತಮ್ಮ ಕುಶಲವನ್ನು ಈಶ್ವರನಲ್ಲಿ ಬೇಡುತ್ತೇನೆ. ಇಲ್ಲಿನ ಹವಾಮಾನ ಹಿತಕರವಾಗಿದೆ. ಇಲ್ಲಿ ಕಪಿಲಾ ಎಂಬ ಪವಿತ್ರ ನದಿ ಹರಿಯುತ್ತದೆ. ತಮ್ಮ ಆಜ್ಞಾಕಾರಿ ಪುತ್ರಿ.

ಒಂದು ಕಾಗುಣಿತ ತಪ್ಪಿಲ್ಲ. ಹತ್ತಕ್ಕೆ ಹತ್ತು.

ಮೂರು ವಾರಕ್ಕೆ ಉತ್ತರ ಬಂತು. ಅಲ್ಲಿನ ಊರಿನ ಶಾಲೆಯ ಮೇಷ್ಟ್ರು ಬರೆದುಕೊಟ್ಟಿದ್ದರು, ಎಂಥ ದುಂಡಕ್ಷರ ಅಂತೀರಿ. ಆಯುಷ್ಮತಿ ಪುತ್ರಿಗೆ ಶುಭ ಆಶೀರ್ವಾದ. ಪತ್ರ ಪ್ರಾಪ್ತವಾಯಿತು, ಹೃದಯ ಗದ್ಗದವಾಯಿತು. ಇಲ್ಲಿಯೂ ಸರ್ವರೂ ಕುಶಲ. ಇಲ್ಲಿನ ಹವಾಮಾನವೂ ಉತ್ತಮ. ಪತಿಸೇವೆಯಲ್ಲಿ ನಿರತರಾಗಿರಿ. ಓದುತ್ತ ಓದುತ್ತ ನನಗೇ ಖುಷಿಯಾಯಿತು. ಪ್ರತಿ ಪದವೂ ಅರ್ಥವಾಗುತ್ತಿತ್ತು! ಹುಡುಗಿ ಮಾತ್ರ ನನ್ನ ಬಾಯನ್ನೇ ನೋಡುತ್ತ ಕೂತಿದ್ದಳು. ಓದಿ ಮುಗಿಸಿದೆ. ಇನ್ನೂ ಇದೆಯಾ ಎಂದು ಕಣ್ಣಲ್ಲೇ ಕೇಳಿದಳು. ಇಲ್ಲ ಅಂದೆ. ಎದ್ದು ಹೋದಳು.

ಇನ್ನೊಂದು ಕಾಗದ ಬರೆದೆ. ಇನ್ನೊಂದು ಉತ್ತರ ಬಂತು, ಮೊದಲಿನದಕ್ಕಿಂತ ಚೆಂದ. ಅವಳು ಅದನ್ನು ಕೇಳಿದ ಮೇಲೆ ಎರಡು ದಿನ ಒಲೆ ಹಚ್ಚಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಇಷ್ಟು ಒಳ್ಳೆಯ ಹಿಂದಿಯಲ್ಲಿ ತಾಯಿ ಆಶೀರ್ವಾದ ಮಾಡಿದ್ದಾಳೆ, ಇನ್ನೇನು ಬೇಕು ಇವಳಿಗೆ ಎಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದೆ.

ಆ ಹೊತ್ತಿಗೆ ಅತ್ತೆಗೂ ಅವಳಿಗೂ ಭಾರೀ ಸ್ನೇಹ ಬೆಳೆದಿತ್ತು. ನಾನು ನರಸೀಪುರಕ್ಕೆ ಹೋದ ಮೇಲೆ ಇಬ್ಬರೂ ಹಿತ್ತಲ ಕಟ್ಟೆಯ ಮೇಲೆ ಕೂತು, ಇವರು ಮೂಗೂರಿನ ಕನ್ನಡದಲ್ಲಿ, ಅವಳು ತನ್ನೂರಿನ ಮಾತಿನಲ್ಲಿ, ಮಧ್ಯಾಹ್ನವೆಲ್ಲ ಹರಟುತ್ತಿದ್ದರಂತೆ. ಅತ್ತೆಗೆ ಕಳೆದುಕೊಳ್ಳಲು ಹಿಂದಿಯ ಮರ್ಯಾದೆ ಇರಲಿಲ್ಲ. ತಪ್ಪಾದರೆ ನಗುವುದು, ತಿಳಿಯದಿದ್ದರೆ ಕೈ ಹಿಡಿದು ಮತ್ತೆ ಕೇಳುವುದು. ನಾನು ಪಾತ್ರೆ ಕುಕ್ಕುವುದನ್ನು ನೋಡಿ ಅಂದರು:

"ಅದ್ಕೆ ಮನಸ್ಸು ನಿಲ್ಲಲ್ಲ ಕಣವ್ವ. ಬಂದ ದಿನದಿಂದ ಅದೇ ಏಳ್ತಾ ಅವಳೆ. ಮನ್ ನೈಖೆ, ಮನ್ ನೈಖೆ ಅಂತ."

"ನೈಖೇ ಅಂದ್ರೆ ಏನು ಅತ್ತೆ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತೆ ತಣ್ಣಗೆ ಹೇಳಿದರು: "ಇಲ್ಲ ಅಂತ. ಮೊನ್ನೆ ಬರೀ ಲೋಟ ಇಡ್ಕಂಡ್ ಬಂದು ನೈಖೆ ಅಂದ್ಲು, ಸಕ್ರೆ ಕೊಟ್ಟೆ. ನೀನು ಇಷ್ಟೊಂದು ಪರೀಕ್ಸೆ ಕಟ್ದೆ, ಇಲ್ಲ ಅನ್ನಾದ ಏಳ್ಕೊಡ್ನಿಲ್ವಾ ನಿಂಗೆ?"

ಅಂದರೆ ಮೊದಲ ದಿನ ಬಾಗಿಲಲ್ಲಿ ನಿಂತು, ಇಲ್ಲಿ ನನ್ನ ಮನಸ್ಸು ನಿಲ್ಲುತ್ತಿಲ್ಲ ಎಂದು ಅವಳು ಹೇಳಿದ್ದನ್ನು ನಾನು ಮನೆ ಚೆನ್ನಾಗಿದೆ ಎಂದು ಅನುವಾದಿಸಿದ್ದೆ. ನಾಚಿಕೆಯಾಯಿತು. ಎಲ್ಲ ಒದರಿಬಿಟ್ಟೆ: ಅವಳ ಮಾತು ನನಗೆ ತಿಳಿಯಲ್ಲ, ಎರಡೂ ಕಾಗದ ಗೈಡಿನಿಂದ ಬರೆದದ್ದು, ಅವಳು ಹೇಳಿದ್ದು ಒಂದಕ್ಷರವೂ ಅದರಲ್ಲಿಲ್ಲ.

"ನಂಗೆ ಅವತ್ತೇ ಗೊತ್ತಾಯ್ತು" ಅಂದರು ಅತ್ತೆ. "ಸುಳ್ಳೇಳುವಾಗ ನೀನು ಬಳೆ ತಿರುಗುಸ್ತೀಯ. ಬಾ, ನನ್ ಮುಂದೆ ಒದರುದ್ರೆ ಏನ್ ಬಂತು, ಅವಳ ಮುಂದೆ ಏಳು."

ಹೋಗಿ ಹೇಳಿದೆ. ನಿಧಾನವಾಗಿ ಹೇಳಮ್ಮ, ನನಗೆ ನಿನ್ನ ಮಾತು ಬರುವುದಿಲ್ಲ ಎಂದು ನನ್ನ ಶುದ್ಧ ಹಿಂದಿಯಲ್ಲಿ ಕೇಳಿಕೊಂಡೆ. ಅವಳು ಮೊದಲು ಕಣ್ಣು ಕಣ್ಣು ಬಿಟ್ಟಳು. ಆಮೇಲೆ ಒಂದೊಂದೇ ಮಾತು ಬಿಡಿಸಿ ಹೇಳಿದಳು. ಇಲ್ಲಿ ಅವಳ ಮಾತನ್ನೆಲ್ಲ ಕನ್ನಡದಲ್ಲೇ ಬರೆಯುತ್ತೇನೆ. "ಮಾಯಿ ಕೋಪ ಇಳಿದಿಲ್ಲ ದೀದಿ. ನನ್ನನ್ನು ದೊಡ್ಡ ಸಾಹೇಬರ ಹೆಂಡತಿಯನ್ನು ಮಾತಾಡಿಸಿದ ಹಾಗೆ ಮಾತಾಡಿಸಿದ್ದಾಳೆ. ಹುಟ್ಟಿದಾಗಿಂದ ಒಂದು ದಿನ ಅವಳು ನನಗೆ ಇಷ್ಟು ಮರ್ಯಾದೆ ಕೊಟ್ಟಿಲ್ಲ." ಮಾಯಿ ಅಂದರೆ ಅವರಲ್ಲಿ ಅಮ್ಮ.

ನಮ್ಮಮ್ಮನೂ ಅಷ್ಟೇ. ಸುಮ್ಮನಿರುವಾಗ ಕತ್ತೆ, ಕೋತಿ, ಎಲ್ಲ ಅನ್ನುತ್ತಿದ್ದವಳು ನಿಜವಾಗಿ ಸಿಟ್ಟು ಬಂದ ದಿನ, "ಊಟಕ್ಕೆ ಬರ್ತೀರಾ?" ಎಂದು ಬಹುವಚನದಲ್ಲಿ ಕೇಳುತ್ತಿದ್ದಳು. ಆ ದಿನ ನಾನು ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದೆ. ನಾನೂ ಆ ಮೇಷ್ಟ್ರೂ ಸೇರಿಕೊಂಡು ಒಬ್ಬ ತಾಯಿಯ ಬಾಯಲ್ಲಿ ಇಂಥ ಬಹುವಚನ ತುರುಕಿದ್ದೆವು.

ಮೂರನೆಯ ಕಾಗದಕ್ಕೆ ನಾಲ್ಕು ಸಂಜೆ ಹಿಡಿಯಿತು. ಇನ್‌ಲ್ಯಾಂಡ್ ಸಾಲದೆ ಕವರ್ ತರಿಸಿದೆವು. ಅವಳು ಹೇಳಿದ ಹಾಗೆಯೇ, ಕಿವಿಗೆ ಬಿದ್ದ ಹಾಗೆಯೇ ಬರೆಯುವುದೆಂದು ಒಪ್ಪಂದ. ಕೈ ಬರುತ್ತಿರಲಿಲ್ಲ. ಮೊದಲ ಸಲ "ನೈಖೇ" ಎಂದು ಬರೆದಾಗ, ಪಕ್ಕದಲ್ಲಿ ಕೆಂಪು ಪೆನ್ನಿನಿಂದ ಸೊನ್ನೆ ಹಾಕಬೇಕೆನ್ನಿಸಿತು. ನಾನು ಸುಮ್ಮನೆ ಒಂದು ಕ್ರಿಯಾಪದ ತಿದ್ದಿದರೂ ಓದಿಸಿ ಕೇಳುತ್ತಿದ್ದವಳು ಹಿಡಿದುಬಿಡುತ್ತಿದ್ದಳು. ಮುದ್ದೆ ನುಂಗಲು ಹೋಗಿ ಕೆಮ್ಮಿದ್ದು, ಮುಂದಿನ ಮನೆಯ ಮುದುಕಿ, ಅಂದರೆ ನಮ್ಮತ್ತೆ, ದಿನಾ ಎಣ್ಣೆ ಹಚ್ಚಿ ತಲೆ ಬಾಚುವುದು, ಆಡು ಮರಿ ಹಾಕಿತೋ ಇಲ್ಲವೋ, ಎಲ್ಲ ಬಂತು. ಕೊನೆಗೆ ಕೇಳಿದಳು: ನಾನು ಹೊರಟ ದಿನ ನೀನು ಯಾಕೆ ಹೊರಗೆ ಬರಲಿಲ್ಲ ಮಾಯಿ?

ಅದರ ಕೆಳಗೆ ನಾನೇ ಆ ಮೇಷ್ಟ್ರಿಗೆ ಎರಡು ಸಾಲು ಸೇರಿಸಿದೆ. ಮಾನ್ಯರೇ, ನಾನೂ ಒಬ್ಬ ಅಧ್ಯಾಪಕಿ. ದಯವಿಟ್ಟು ಈ ತಾಯಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಿರಿ, ತಿದ್ದಬೇಡಿ.

ಆ ತಿಂಗಳು ಶಾಲೆಯಲ್ಲಿ ನಾನು ಮಕ್ಕಳ ಮೇಲೆ ರೇಗಿದ್ದು ಕಡಿಮೆ. ಮೀಸೆ ಯಾಕೆ ಸ್ತ್ರೀಲಿಂಗ ಎಂದು ಕೇಳಿದವನಿಗೆ, "ನಂಗೂ ಗೊತ್ತಿಲ್ಲ ಕಣಪ್ಪ" ಅಂದೆ. ಇಡೀ ಕ್ಲಾಸು ಗಾಬರಿಯಾಯಿತು.

ಉತ್ತರ ಬಂದದ್ದು ಒಂದು ಶನಿವಾರ, ನಾನು ಅರ್ಧ ದಿನ ಮುಗಿಸಿ ಬಂದಿದ್ದೆ. ದಪ್ಪ ಕವರು. ಮೇಲೆಯೇ ಮೇಷ್ಟ್ರು ತಮ್ಮ ದುಂಡಕ್ಷರದಲ್ಲಿ ಬರೆದಿದ್ದರು: "ಬಹನ್‌ಜೀ, ತಮ್ಮ ಸೂಚನೆಯಂತೆ ಈ ತಾಯಿ ನುಡಿದದ್ದನ್ನು ನುಡಿದಂತೆಯೇ ಬರೆದಿದ್ದೇನೆ. ಆದರೂ ನಾನು ಶಿಕ್ಷಕ. ಬರೆಯಲು ಕೈ ಬಾರದ ಕಡೆಯೆಲ್ಲ ಚುಕ್ಕೆಗಳನ್ನಿಟ್ಟಿದ್ದೇನೆ. ಕ್ಷಮೆಯಿರಲಿ."

ಹಿತ್ತಲ ಕಟ್ಟೆಯ ಮೇಲೆ ಮೂವರೂ ಕೂತೆವು. ನಾನು ಅರ್ಥವಾಗಲಿ ಬಿಡಲಿ, ಬರೆದದ್ದನ್ನು ಬರೆದ ಹಾಗೆ ಓದತೊಡಗಿದೆ. "ಏನೇ," ಎಂದು ಶುರುವಾಗಿತ್ತು, ಆಮೇಲೆ ಐದಾರು ಚುಕ್ಕೆ. ನಾನು ನಿಲ್ಲಿಸಿದೆ. ಹುಡುಗಿ ತಡಮಾಡದೆ ಆ ಜಾಗಕ್ಕೆ ಒಂದು ಪದ ಹೇಳಿದಳು. ಅವಳ ಮುಖ ಊರಗಲವಾಗಿತ್ತು.

"ಹಾಗಂದ್ರೆ?"

"ಸುಟ್ಟ ಮೋರೆಯವಳು ಅಂತ ದೀದಿ."

ಅತ್ತೆಗೆ ಕನ್ನಡದಲ್ಲಿ ಹೇಳಿದೆ. "ನಮ್ಮವ್ವನೂ ಅಂಗೇ ಬಯ್ತಿದ್ಲು, ಓದು ಓದು" ಅಂದರು.

ಈಗ ನೆನಪಾದಳೇನೇ ತಾಯಿ, ರೈಲು ಹತ್ತುವಾಗ ಎಲ್ಲಿಗೆ ಹೋಗಿತ್ತು ನಿನ್ನ... ಇಲ್ಲಿ ಚುಕ್ಕೆ. ಹುಡುಗಿ ತುಂಬಿದಳು. ಆಡು ಎರಡು ಮರಿ ಹಾಕಿದೆ, ಅವೂ ನಿನ್ನ ಹಾಗೇ ಮಾತು ಕೇಳದ... ಚುಕ್ಕೆ. ತುಂಬಿದಳು. ಅಲ್ಲಿನ ಅನ್ನ ತಿಂದು ತಿಂದು ಊದಿಕೊಂಡಿದ್ದೀಯೋ ಒಣಗಿದ್ದೀಯೋ, ಆ ನಿನ್ನ ಗಂಡ ಎಂಬ... ದೊಡ್ಡ ಚುಕ್ಕೆಗಳು. ಅದನ್ನು ತುಂಬಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು, ಎಷ್ಟು ಕೇಳಿದರೂ ಅರ್ಥ ಹೇಳಲಿಲ್ಲ. ಬಿಟ್ಟ ಸ್ಥಳ ತುಂಬಿರಿ ಎಂಬ ಪ್ರಶ್ನೆಗೆ ನಾನು ಎಷ್ಟು ವರ್ಷ ಅಂಕ ಹಾಕಿದ್ದೇನೆ; ಹೀಗೆ ಒಂದೂ ತಪ್ಪದೆ ಉತ್ತರ ಹೇಳಿದವರನ್ನು ನೋಡಿಲ್ಲ. ಒಂದೊಂದು ಬೈಗುಳಕ್ಕೂ ಅವಳು ಒಂದೊಂದು ಇಂಚು ಬೆಳೆಯುತ್ತಿದ್ದಳು.

ಕೊನೆಯ ಹಾಳೆ ತಿರುಗಿಸಿದೆ. "ಹೊರಟ ದಿನ ಯಾಕೆ ಹೊರಗೆ ಬರಲಿಲ್ಲ ಅಂತ ಕೇಳಿದ್ದೀಯಲ್ಲ, ಹೇಳುತ್ತೇನೆ ಕೇಳು" ಎಂದಿತ್ತು. ಆಮೇಲೆ ಮಾತೇ ಇಲ್ಲ. ಒಂದು ಸಾಲಿಡೀ ಚುಕ್ಕೆಗಳು.

ಇದು ಎಲ್ಲಕ್ಕಿಂತ ದೊಡ್ಡ ಬೈಗುಳವೇ ಇರಬೇಕೆಂದು ನಾನು ಅವಳ ಮುಖ ನೋಡಿದೆ. ಅತ್ತೆಯೂ ಮುಂದಕ್ಕೆ ಬಾಗಿದರು. ಹುಡುಗಿ ನನ್ನ ಕೈಯಿಂದ ಹಾಳೆ ಈಸಿಕೊಂಡಳು. ಓದಲು ಬಾರದವಳು ಆ ಸಾಲಿನ ಮೇಲೆ, ಮೊದಲ ಚುಕ್ಕೆಯಿಂದ ಕೊನೆಯ ಚುಕ್ಕೆಯವರೆಗೆ, ಮೆಲ್ಲಗೆ ಬೆರಳಾಡಿಸಿದಳು.

"ಇದು ಬೈಗುಳ ಅಲ್ಲ ದೀದಿ" ಅಂದಳು. "ಇಲ್ಲಿ ಮಾಯಿ ಅತ್ತಿದ್ದಾಳೆ. ಅದನ್ನು ಹೇಗೆ ಬರೆಯುವುದು ಅಂತ ಮೇಷ್ಟ್ರಿಗೆ ಗೊತ್ತಾಗಿಲ್ಲ."